ಸುಲಿದರೆ ಮುರಿಯುವ ಫೋನ್ ತಂತಿ

ಗೋಡೆಗುಂಟ ಓಡುವ ಫೋನ್ ವೈರಿನೊಳಗಿನ ಒಂದೊಂದು ತಂತಿಯೂ ಸುಮಾರು ಅರ್ಧ ಮಿಲಿಮೀಟರ್ ದಪ್ಪ, ಅಷ್ಟೇ. ಸುಲಿಯಲು ಬ್ಲೇಡ್ ಹಿಡಿದಿರೋ, ತಾಮ್ರಕ್ಕೆ ಕಣ್ಣಿಗೆ ಕಾಣದ ಗೀರು ಬಿತ್ತು. ಸ್ಕ್ರೂ ಬಿಗಿಯುವಾಗ ಸರಿಯಾಗಿ ಅಲ್ಲೇ ಲಟಕ್ಕನೆ ಮುರಿಯುತ್ತದೆ. ಹಲ್ಲಿನಿಂದ ಕಚ್ಚಿ ಸುಲಿಯುವ ಶೂರರೂ ಇದ್ದಾರೆ! ಲೈನಿನಲ್ಲಿ 48 ವೋಲ್ಟ್ ಇರುತ್ತದೆ ಸ್ವಾಮಿ, ರಿಂಗ್ ಬಂದರೆ 90ರ ಹತ್ತಿರ ಹೋಗುತ್ತದೆ. ಮೊದಲು ಲೈನ್ ಬಿಚ್ಚಿಡಿ.

ಇದಾದರೂ ಪರವಾಗಿಲ್ಲ. ನಿಜವಾದ ಪೀಡೆ ಆ ಚಪ್ಪಟೆ ಎಕ್ಸ್‌ಟೆನ್ಷನ್ ವೈರು. ಎಷ್ಟೋ ವೈರುಗಳನ್ನು ಸುಲಿದರೆ ಒಳಗೆ ತಂತಿಯೇ ಇಲ್ಲ, ನೂಲಿಗೆ ಸುತ್ತಿದ ತೆಳು ತಾಮ್ರದ ರೇಕು! ಸ್ಕ್ರೂ ಕೆಳಗಿಟ್ಟರೆ ಜಾರುತ್ತದೆ, ಬೆಸುಗೆ ಹಾಕಿದರೆ ನೂಲು ಸುಡುತ್ತದೆ. ಅದಕ್ಕೆ ಕ್ರಿಂಪ್ ಮಾಡುವ, ಅಂದರೆ ಒತ್ತಿ ಕಚ್ಚಿಸುವ, ಪ್ಲಗ್ಗೇ ಗತಿ.

ಗೋಡೆಯ ಗಟ್ಟಿ ತಂತಿಗಾದರೆ ಸ್ಟ್ರಿಪ್ಪರಿನ (ವೈರ್ ಸುಲಿಯುವ ಇಕ್ಕಳದ) 0.5 ಮಿ.ಮೀ. ತೂತು, 10 ಮಿ.ಮೀ. ಸುಲಿತ, ಸ್ಕ್ರೂ ತಿರುಗುವ ದಿಕ್ಕಿಗೇ ಕೊಕ್ಕೆ. ಎರಡನ್ನು ಜೋಡಿಸಲು ಜೆಲ್ ತುಂಬಿದ ಕನೆಕ್ಟರ್ ಸಿಗುತ್ತದೆ. ಸುಲಿಯದೆ ತುದಿಯವರೆಗೆ ತೂರಿಸಿ, ಇಕ್ಕಳದಿಂದ ಒತ್ತಿದರಾಯಿತು. ಆದರೂ ತಿರುಚಿ ಟೇಪ್ ಸುತ್ತುವ ಚಟ ಬಿಡುವುದಿಲ್ಲ. ತೇವ ತಾಗಿ ತಾಮ್ರ ಹಸಿರುಗಟ್ಟುತ್ತದೆ, ಆಮೇಲೆ ಮಾತಿನ ನಡುವೆ ಬರೀ ಕರಕರ.