ಜಪಾನಿನಲ್ಲಿ ಬೆಂಕಟೇಶು

ನನ್ನ ಹೆಸರು ವೆಂಕಟೇಶ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಇರಬೇಕಾದ ಜಾಗದಲ್ಲಿ ಅಪ್ಪನ ಹೆಸರಿದೆ, ರಾಮಯ್ಯ. ತುಮಕೂರಿನಲ್ಲಿ ಇದರಿಂದ ಯಾರಿಗೂ ತೊಂದರೆ ಆಗಿರಲಿಲ್ಲ. ಪಿಎಚ್‌ಡಿ ಅಂತ ಟೋಕಿಯೋ ಪಕ್ಕದ ಊರೊಂದಕ್ಕೆ ಹೋದ ಮೇಲೆ ಶುರುವಾಯಿತು.

ಜಪಾನಿನಲ್ಲಿ ಮನೆ ಮಾಡಿದ 14 ದಿನದೊಳಗೆ ಆ ಊರಿನ ಪಾಲಿಕೆ ಕಚೇರಿಗೆ ಹೋಗಿ, ಬಂದಿದ್ದೇವೆ ಅಂತ ಬರೆದುಕೊಡಬೇಕು. ಕಚೇರಿಗೆ ಅವರು ಶಿಯಾಕುಶೋ ಅನ್ನುತ್ತಾರೆ. ವಿಮಾನ ನಿಲ್ದಾಣದಲ್ಲಿ ಕೊಟ್ಟ ವಾಸದ ಕಾರ್ಡಿನ ಹಿಂಬದಿಗೆ ಅಲ್ಲಿ ವಿಳಾಸ ಹಾಕಿಕೊಡುತ್ತಾರೆ. ನಾನು ಊರಿನ ಅಭ್ಯಾಸದಂತೆ ಹತ್ತು ಜೆರಾಕ್ಸ್, ಎಂಟು ಫೋಟೋ, ಒಂದು ಗಮ್ ಬಾಟಲಿ ಸಮೇತ ಹೋಗಿದ್ದೆ. ಯಾರೂ ಒಂದನ್ನೂ ಕೇಳಲಿಲ್ಲ. ಸ್ವಲ್ಪ ಬೇಜಾರೇ ಆಯಿತು.

ಅರ್ಜಿ ಕೊಟ್ಟು ಕೂತೆವು. ಸ್ವಲ್ಪ ಹೊತ್ತಿಗೆ ಕೌಂಟರಿನಿಂದ "ರಾಮಾಯಾ ಸಾಮಾ" ಅಂತ ಕೂಗು. ಸಾಮಾ ಅಂದರೆ ನಮ್ಮ 'ಅವರೇ'ಗಿಂತ ಒಂದು ತೂಕ ಜಾಸ್ತಿ ಮರ್ಯಾದೆ. ಯಾರಪ್ಪ ಈ ದೊಡ್ಡ ಮನುಷ್ಯ ಅಂತ ನಾನೂ ಕತ್ತು ತಿರುಗಿಸಿ ಹುಡುಕಿದೆ. ನಾಲ್ಕನೇ ಸಲ ಕೂಗಿದಾಗ ಹೆಂಡತಿ ತಿವಿದಳು. "ರೀ, ನಿಮ್ಮಪ್ಪನ್ನ ಕರೀತಿದಾರೆ, ಎದ್ದೇಳ್ರಿ."

ಎದ್ದು ಹೋದರೆ ಇನ್ನೊಂದು ಪಂಚಾಯಿತಿ. ಹೆಸರನ್ನು ಅವರ ಲಿಪಿಯಲ್ಲಿ ಬರೆಯಬೇಕಲ್ವಾ? ಜಪಾನಿ ನಾಲಿಗೆಯಲ್ಲಿ ವೆ ಹೋಗಿ ಬೆ ಆಗುತ್ತದೆ. ಕೊನೆಯ ಶ್ ಒಂಟಿಯಾಗಿ ನಿಲ್ಲದು, ಅದಕ್ಕೊಂದು ಉಕಾರ ಬೇಕು. ಹಾಗಾಗಿ ನಾನು ಬೆಂಕಟೇಶು. ಊರಲ್ಲಿ ಅಜ್ಜಿ ನನ್ನನ್ನು ಎಂಕ್ಟೇಸು ಅಂತಿದ್ದಳು, ನಾನು ತಿದ್ದುತ್ತಿದ್ದೆ. ಸುಮ್ನೆ ತಿದ್ದಿದೆ ಅನಿಸಿತು.

ಕೊಡುವುದರಲ್ಲಿ ಮಾತ್ರ ಅವರದು ಧಾರಾಳ ಕೈ. ಕಂಪನಿ ವಿಮೆ ಇಲ್ಲದ ನನ್ನಂಥವರಿಗೆ ಪಾಲಿಕೆಯಲ್ಲೇ ಆರೋಗ್ಯ ವಿಮೆ. ಡಾಕ್ಟರ ಬಿಲ್ಲಿನಲ್ಲಿ ನಾವು ಕೊಡಬೇಕಾದ್ದು 30%. ಆಧಾರ್ ಥರ 12 ಅಂಕಿಯ ನಂಬರೂ ಬಂತು. ಪ್ರವಾಹ ಬಂದರೆ ಎಲ್ಲಿಗೆ ಓಡಬೇಕು ಅನ್ನುವ ನಕ್ಷೆ, ಬಿಟ್ಟಿ ಜಪಾನಿ ಪಾಠದ ಚೀಟಿ. ಕೆಲವು ಹಾಳೆಗಳು 'ಸುಲಭ ಜಪಾನಿ'ಯಲ್ಲಿದ್ದವು. 1995ರ ಕೋಬೆ ಭೂಕಂಪದಲ್ಲಿ ವಿದೇಶಿಯರಿಗೆ ಸೂಚನೆಗಳೇ ಅರ್ಥವಾಗದೆ ಒದ್ದಾಡಿದ ಮೇಲೆ ಹುಟ್ಟಿದ ಸರಳ ಭಾಷೆ ಅದು. ನನಗೆ ಅದೂ ಕಷ್ಟವಾಗಿತ್ತು, ಆ ಮಾತು ಬೇರೆ.

ಎಲ್ಲಕ್ಕಿಂತ ದಪ್ಪದ ಪುಸ್ತಕ ಕಸದ್ದು. ಸುಡುವ ಕಸಕ್ಕೊಂದು ದಿನ, ಸುಡದ್ದಕ್ಕೊಂದು, ಬಾಟಲಿಗೊಂದು. ತೆಂಗಿನ ಚಿಪ್ಪು ಯಾವುದಕ್ಕೆ? ಹಂಡೆ ಒಲೆಗೆ ಚಿಪ್ಪು ಹಾಕಿ ಬೆಳೆದವನು ನಾನು, ಅದು ಸುಡುತ್ತದೆ ಅಂತ ಯಾರೂ ಹೇಳಿಕೊಡಬೇಕಿಲ್ಲ. ಆ ಜಂಬದಲ್ಲಿ ಅದೇ ಚೀಲಕ್ಕೆ ಖಾಲಿ ಉಪ್ಪಿನಕಾಯಿ ಬಾಟಲಿಯನ್ನೂ ತುರುಕಿದೆ. ಸಂಜೆ ಬಂದು ನೋಡಿದರೆ ಬೀದಿಯ ಚೀಲಗಳೆಲ್ಲ ಮಾಯ. ನನ್ನದೊಂದೇ ಮೈಮೇಲೆ ಕೆಂಪು ಚೀಟಿ ಅಂಟಿಸಿಕೊಂಡು, ಮದುವೆ ಮನೆಯಲ್ಲಿ ಎಲೆ ಸಿಗದವನ ಹಾಗೆ ಕೂತಿತ್ತು. ಪಕ್ಕದ ಮನೆ ಅಜ್ಜಿ ಹೊರಗೆ ಬಂದರು. ಚೀಲದೊಳಗಿನ ಬಾಟಲಿ ತೋರಿಸಿದರು, ಕ್ಯಾಲೆಂಡರಿನ ಗುರುವಾರ ತೋರಿಸಿದರು, ಆಮೇಲೆ ಬಗ್ಗಿ "ಸುಮಿಮಾಸೆನ್" ಅಂತ ಅವರೇ ಕ್ಷಮೆ ಕೇಳಿದರು! ಬೈದಿದ್ದರೆ ವಾಸಿಯಿತ್ತು.

ಮುಂದಿನ ತಿಂಗಳು ಕುರ್ಚಿ ಮುರಿಯಿತು. ಈ ಸಲ ಎಚ್ಚರ. ದೊಡ್ಡ ಸಾಮಾನಿಗೆ ಫೋನ್ ಮಾಡಿ ದಿನ ಗೊತ್ತುಮಾಡಬೇಕು, ಅಂಗಡಿಯಲ್ಲಿ ದುಡ್ಡು ಕೊಟ್ಟು ಸ್ಟಿಕ್ಕರ್ ತರಬೇಕು, ಅದರ ಮೇಲೆ ಹೆಸರು ಬರೆದು ಅಂಟಿಸಬೇಕು. ಅಕ್ಷರ ಅಕ್ಷರ ಕೂಡಿಸಿ ಬೆಂಕಟೇಶು ಅಂತ ಬರೆದೆ. ಆ ಲಿಪಿಯಲ್ಲಿ ನನ್ನ ಹೆಸರನ್ನು ನಾನೇ ಬರೆದದ್ದು ಅದೇ ಮೊದಲು. ಕುರ್ಚಿ ಹೊರಗಿಟ್ಟು, ಪಕ್ಕದಲ್ಲೇ ನಿಂತು ಫೋಟೋ ತೆಗಿ ಅಂದೆ.

ಹೆಂಡತಿ ಫೋನ್ ಎತ್ತಿದಳು. "ಸ್ವಲ್ಪ ದೂರ ನಿಂತ್ಕೊಳ್ರಿ. ಹೆಸರು ನೋಡಿ ನಿಮ್ಮನ್ನೂ ಎತ್ಕೊಂಡು ಹೋದಾರು."