ಅಂಚೆ ಕ್ಯಾಟಲಾಗಿನಿಂದ ಹತ್ತು ನಿಮಿಷದ ಡೆಲಿವರಿಯವರೆಗೆ

ಕೊಳ್ಳುಬಾಕತನ ಹುಟ್ಟಿದ್ದೇ ಮೊಬೈಲಿನಿಂದ ಎಂಬ, ಇತ್ತೀಚೆಗೆ ಓದಿದ ಲೇಖನವೊಂದರ ಮಾತನ್ನು ಒಪ್ಪಲಾಗದು. ನಿಗದಿತ ಬೆಲೆ, ಇಷ್ಟವಾಗದಿದ್ದರೆ ವಾಪಸು ಎಂಬ ಪದ್ಧತಿಗಳನ್ನು ಪ್ಯಾರಿಸ್‌ನ ಬಾನ್ ಮಾರ್ಷೆ ಮಳಿಗೆ 1852ರ ನಂತರವೇ ಜನಪ್ರಿಯಗೊಳಿಸಿತ್ತು. ಅಮೆರಿಕದ ಸಿಯರ್ಸ್ ಸಂಸ್ಥೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲೇ ಕ್ಯಾಟಲಾಗ್ ಕಳುಹಿಸಿ ಹಳ್ಳಿಮನೆಗಳಿಗೆ ಸರಕು ಮುಟ್ಟಿಸುತ್ತಿತ್ತು. ನಮ್ಮ ಬೆಂಗಳೂರಿನಲ್ಲಿ 2007ರಲ್ಲಿ ಪುಸ್ತಕ ಮಾರಾಟದಿಂದ ಆರಂಭವಾದ ಫ್ಲಿಪ್‌ಕಾರ್ಟ್ 2010ರಲ್ಲಿ ತಂದ, ವಸ್ತು ಕೈಸೇರಿದ ಮೇಲೆ ಹಣ ಕೊಡುವ ವ್ಯವಸ್ಥೆ ಕಾರ್ಡ್ ಇಲ್ಲದವರಲ್ಲೂ ನಂಬಿಕೆ ಮೂಡಿಸಿತು. ಮುಂದಿನ ಪೈಪೋಟಿ ವೇಗದ್ದು. ಹತ್ತು ನಿಮಿಷದಲ್ಲಿ ಕೊತ್ತಂಬರಿ ಸೊಪ್ಪು ತಲುಪಿಸಲು ಬಡಾವಣೆಗಳೊಳಗೇ ಗೋದಾಮುಗಳು ತಲೆಯೆತ್ತಿದ್ದು, ಜಯನಗರದ ನಮ್ಮ ಅಡ್ಡರಸ್ತೆಯಲ್ಲಿ ಹುಡುಗರು ಸುರಿವ ಮಳೆಯಲ್ಲೂ ಭಾರದ ಬ್ಯಾಗು ಹೊತ್ತು ಧಾವಿಸುತ್ತಾರೆ. ಕರ್ನಾಟಕದ 2025ರ ಗಿಗ್ ಕಾರ್ಮಿಕರ (ಆ್ಯಪ್‌ಗಳ ಮೂಲಕ ಬಿಡಿ ಕೆಲಸ ಮಾಡುವ ಇಂಥವರ) ಕಾಯ್ದೆಯಂತೆ ಅವರಿಗೆ ಸಲ್ಲುವ ಮೊತ್ತದ ಶೇ 1ರಿಂದ 5ರಷ್ಟನ್ನು ಕಂಪನಿಗಳು ಕಲ್ಯಾಣ ಶುಲ್ಕವಾಗಿ ಕಟ್ಟಬೇಕಿದ್ದು, ಇದು ಕಾಗದದಲ್ಲೇ ಉಳಿಯದಂತೆ ಸರ್ಕಾರ ನಿಗಾ ವಹಿಸಲೇಬೇಕು.