ತಲೆಗಿದ್ದರೆ ಗುಮಾಸ್ತೆ, ಬಾಲಕ್ಕಿದ್ದರೆ ರಾಜಕುಮಾರ

‘ಮಿರ್ಜಾ’ ಅಂದರೆ ಅಮೀರ್‌ಜಾದಾ, ಅಮೀರನ ಮಗ. ಕಜಾರ್ ದೊರೆಗಳ ಇರಾನಿನಲ್ಲಿ ಈ ಬಿರುದು ಕಂಡ ಕೂಡಲೇ ಹಿಂದೆ ಮುಂದೆ ನೋಡದೆ ಸಲಾಮು ಹೊಡೆಯುವ ಹಾಗಿರಲಿಲ್ಲ. ಹೆಸರಿನ ಬಾಲಕ್ಕಿದ್ದರೆ ರಾಜಕುಮಾರ: ಅಬ್ಬಾಸ್ ಮಿರ್ಜಾ. ತಲೆಗಿದ್ದರೆ ಓದುಬರಹ ಬಲ್ಲ ಗುಮಾಸ್ತೆ: ಮಿರ್ಜಾ ತಕಿ ಖಾನ್. ದರ್ಬಾರಿನಲ್ಲಿ ತಲೆಗಿಂತ ಬಾಲವೇ ಮೇಲು. ಅಲ್ಲಾಡಿಸಲು ಅನುಕೂಲ ಅಂತಲೋ ಏನೋ.

ಫತ್ ಅಲಿ ಷಾ ಒಬ್ಬನಿಗೇ ಐವತ್ತು ಮೀರಿ ಗಂಡುಮಕ್ಕಳು. ‘ಒಂಟೆ, ಹೇನು, ರಾಜಕುಮಾರ ಎಲ್ಲಿ ಹೋದರೂ ಸಿಕ್ಕಾವು’ ಎಂದು ಜನ ಗಾದೆಯನ್ನೇ ಕಟ್ಟಿದರು. ಒಂಟೆಯ ಹೆಸರು ಯಾಕೆ ಸೇರಿಸಿದರೋ, ಪಾಪ, ಅದು ಹೊರೆ ಹೊರುತ್ತದೆ.

ಮಿರ್ಜಾ ತಕಿ ಖಾನ್ ಅಡುಗೆಯವನ ಮಗ. ನಾಸಿರುದ್ದೀನ್ ಷಾನ ಪ್ರಧಾನಿಯಾಗಿ, ಕೂತು ತಿನ್ನುವವರ ವರ್ಷಾಶನಕ್ಕೆ ಕತ್ತರಿ ಹಾಕಿದ. 1852ರ ಜನವರಿಯಲ್ಲಿ ಕಾಶಾನ್ ಬಳಿಯ ಫಿನ್ ತೋಟದ ಸ್ನಾನಗೃಹದಲ್ಲಿ ಅವನ ನರಕ್ಕೇ ಕತ್ತರಿ ಬಿತ್ತು. ಮುಂದೆ ಅದೇ ಷಾ ತನ್ನ ಮುದ್ದಿನ ಬೆಕ್ಕಿಗೆ ಬಬ್ರಿ ಖಾನ್ ಎಂದು ಹೆಸರಿಟ್ಟ. ಪ್ರಧಾನಿಯೂ ಖಾನ್, ಬೆಕ್ಕೂ ಖಾನ್. ಬೆಕ್ಕು ಯಾರ ವರ್ಷಾಶನದ ತಂಟೆಗೂ ಹೋಗಲಿಲ್ಲ.

ಬಿರುದಿಗೆ ಕಾಣಿಕೆಯ ದರವಿತ್ತು. ಬೊಕ್ಕಸ ಬರಿದಾದಷ್ಟೂ ಬಿರುದಾಂಕಿತರು ಹೆಚ್ಚಿದರು. ‘ಐನ್ ಅಲ್-ದೌಲಾ’, ಅಂದರೆ ರಾಜ್ಯದ ಕಣ್ಣು ಎಂಬೊಬ್ಬ ಪ್ರಧಾನಿಯಿದ್ದ. ಟೆಹರಾನಿನ ಬೀದಿಯಲ್ಲಿ ಜನ ನೆರೆದದ್ದು ಆ ಕಣ್ಣಿಗೆ ಸರಿಯಾಗಿ ಕಾಣಲಿಲ್ಲ. 1906ರ ಆಗಸ್ಟಿನಲ್ಲಿ ಅಂದಿನ ಷಾ ಮುಜಫ್ಫರುದ್ದೀನ್ ಸಂವಿಧಾನಕ್ಕೆ ಒಪ್ಪಿ ಫರ್ಮಾನಿಗೆ ರುಜು ಹಾಕುವಾಗ ಕಣ್ಣು ಹುದ್ದೆ ಕಳೆದುಕೊಂಡಿತ್ತು.

1925ರಲ್ಲಿ ಮಜ್ಲಿಸ್, ಅಂದರೆ ಇರಾನಿನ ಸಂಸತ್ತು, ಬಿರುದುಗಳನ್ನೆಲ್ಲ ರದ್ದು ಮಾಡಿತು. ಮರುವರ್ಷವೇ ನಮ್ಮ ಮೈಸೂರಿನಲ್ಲಿ ಒಬ್ಬ ಮಿರ್ಜಾ ದಿವಾನರಾದರು. ಶಿರಾಜಿನಿಂದ ಬೆಂಗಳೂರಿಗೆ ಬಂದು ಕುದುರೆ ಮಾರಿದ ಅಲಿ ಅಸ್ಕರರ ಮೊಮ್ಮಗ ಮಿರ್ಜಾ ಇಸ್ಮಾಯಿಲ್. ತಲೆಗಿದ್ದ ಮಿರ್ಜಾ, ಕೆಲಸ ಮಾಡಿದ್ದರಲ್ಲಿ ಆಶ್ಚರ್ಯವಿಲ್ಲ.

ಅತ್ತ, ಬಿರುದು ರದ್ದಾದಾಗ ಪ್ರಧಾನಿಯಾಗಿದ್ದ ರೆಜಾ ಖಾನ್ ಡಿಸೆಂಬರಿನಲ್ಲೇ ರೆಜಾ ಷಾ ಆದ. ಎಲ್ಲರ ಪೇಟ ಬಿಚ್ಚಿಸಿ ತಾನು ಕಿರೀಟ ಇಟ್ಟುಕೊಂಡ ಅನ್ನಿ. ನಲವತ್ತು ವರ್ಷದ ಮೇಲೆ, 1965ರಲ್ಲಿ, ಅದೇ ಮಜ್ಲಿಸ್ ಅವನ ಮಗನಿಗೆ ‘ಆರ್ಯಮೆಹರ್’ ಎಂಬ ಹೊಸ ಬಿರುದು ಹೊಲಿಸಿಕೊಟ್ಟಿತು: ಆರ್ಯರ ಸೂರ್ಯ. 1979ರ ಜನವರಿಯಲ್ಲಿ ಸೂರ್ಯ ವಿಮಾನ ಹತ್ತಿ ಈಜಿಪ್ಟಿಗೆ ಹೊರಟ. ದಿಕ್ಕು ಮಾತ್ರ ತಪ್ಪಲಿಲ್ಲ, ಪಶ್ಚಿಮವೇ.